ಪೈಲಟ್ ಪರವಾನಗಿ ಮತ್ತು ಟೈಪ್ ರೇಟಿಂಗ್: ಹೆತ್ತವರು ತಿಳಿದಿರಬೇಕಾದ ಸಂಗತಿಗಳು

ಪಿಯುಸಿ ಫಲಿತಾಂಶ ಹೊರಬೀಳುವ ಹೊತ್ತಿಗೆ ನಮ್ಮ ಕರಾವಳಿಯ ಮನೆಗಳಲ್ಲಿ ಇಂಜಿನಿಯರಿಂಗ್, ನರ್ಸಿಂಗ್‌ಗಳ ಜೊತೆಗೆ ಪೈಲಟ್ ತರಬೇತಿಯ ಮಾತೂ ಕೇಳಿಬರುತ್ತದೆ. ಮಕ್ಕಳ ಆಸೆಗಾಗಿ ಜಾಗ ಅಡವಿಟ್ಟು ಸಾಲ ತೆಗೆಯಲು ಹೊರಡುವ ಹೆತ್ತವರೂ ಇದ್ದಾರೆ. ಲೈಸೆನ್ಸ್ ಕೈಗೆ ಬಂದರೆ ಕೆಲಸ ಸಿಕ್ಕಿದಂತೆಯೇ ಎಂಬ ನಂಬಿಕೆ ಅನೇಕರದು. ಆದರೆ ಪರವಾನಗಿ ಒಂದು, ಇಂತಹದೇ ವಿಮಾನವನ್ನು ಹಾರಿಸುವ ಅರ್ಹತೆ ಮತ್ತೊಂದು. ಈ ವ್ಯತ್ಯಾಸವನ್ನು ಸರಳವಾಗಿ ವಿವರಿಸಲು ನಾವಿಲ್ಲಿ ಯತ್ನಿಸಿದ್ದೇವೆ.

ಪರವಾನಗಿಯ ಮೆಟ್ಟಿಲುಗಳು

ನಮ್ಮ ದೇಶದಲ್ಲಿ ಪೈಲಟ್ ಪರವಾನಗಿ ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಮೆಟ್ಟಿಲುಗಳು ಹೀಗಿವೆ:

1. ವಿದ್ಯಾರ್ಥಿ ಪರವಾನಗಿ: 16 ವರ್ಷ ತುಂಬಿರಬೇಕು. ತರಬೇತಿ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಮಾತ್ರ ಹಾರಾಟ.

2. ಖಾಸಗಿ ಪರವಾನಗಿ, ಪಿಪಿಎಲ್: 17 ವರ್ಷ, ಕನಿಷ್ಠ 40 ಗಂಟೆಗಳ ಹಾರಾಟ. ಇದರಿಂದ ಸಂಬಳ ಪಡೆದು ಹಾರಿಸುವಂತಿಲ್ಲ.

3. ವಾಣಿಜ್ಯ ಪರವಾನಗಿ, ಸಿಪಿಎಲ್: 18 ವರ್ಷ, ಕನಿಷ್ಠ 200 ಗಂಟೆ. ಪೈಲಟ್ ಕೆಲಸಕ್ಕೆ ಇದೇ ಬಾಗಿಲು.

4. ವಿಮಾನಯಾನ ಸಂಸ್ಥೆಯ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್: 21 ವರ್ಷ, 1,500 ಗಂಟೆ.

ಸಿಪಿಎಲ್‌ನ 200 ಗಂಟೆಗಳಲ್ಲಿ 100 ಗಂಟೆ ವಿಮಾನದ ಪೂರ್ಣ ಹೊಣೆ ಹೊತ್ತು ಹಾರಿಸಿರಬೇಕು. ಅದರಲ್ಲಿ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ಒಂದು ದೂರ ಪ್ರಯಾಣವೂ ಸೇರಿರಬೇಕು. ರಾತ್ರಿ ಹಾರಾಟಕ್ಕೂ, ಹೊರಗೆ ಏನೂ ಕಾಣದಾಗ ಉಪಕರಣ ನೋಡಿಯೇ ಹಾರಿಸುವುದಕ್ಕೂ ಪ್ರತ್ಯೇಕ ಗಂಟೆಗಳಿವೆ. ವಿಮಾನಯಾನ ನಿಯಮಗಳು, ಹವಾಮಾನ, ದಿಕ್ಕು ಶೋಧನೆ, ತಾಂತ್ರಿಕ ವಿಷಯ ಇವುಗಳ ಲಿಖಿತ ಪರೀಕ್ಷೆಯಲ್ಲಿ ಶೇಕಡಾ 70 ಅಂಕ ಬೇಕು. ರೇಡಿಯೊ ಸಂಭಾಷಣೆಯ ಪರೀಕ್ಷೆ ಬೇರೆ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬ ನಿಯಮ ದಶಕಗಳಿಂದ ನಡೆದುಬಂದಿದೆ. ಅದನ್ನು ಸಡಿಲಿಸುವ ಪ್ರಸ್ತಾವ 2025ರಲ್ಲಿ ಚರ್ಚೆಗೆ ಬಂದಿದ್ದರಿಂದ, ಸೇರುವ ಮುನ್ನ ಡಿಜಿಸಿಎ ಪ್ರಕಟಣೆಯನ್ನು ನೋಡುವುದು ಒಳಿತು.

ಟೈಪ್ ರೇಟಿಂಗ್ ಎಂದರೇನು?

ವಿದ್ಯಾರ್ಥಿ ಕಲಿಯುವುದು ಸಾಮಾನ್ಯವಾಗಿ ಸೆಸ್ನಾ 172ರಂತಹ ನಾಲ್ಕು ಆಸನಗಳ ಪುಟ್ಟ ವಿಮಾನದಲ್ಲಿ. ಅದರಲ್ಲಿ ಪಡೆದ ಸಿಪಿಎಲ್ ಹಿಡಿದು ಏರ್‌ಬಸ್ 320ರ ಚಾಲಕನ ಆಸನದಲ್ಲಿ ಕೂರುವಂತಿಲ್ಲ. ಇಬ್ಬರು ಪೈಲಟರು ಬೇಕೇಬೇಕಾದ ಪ್ರತಿಯೊಂದು ಮಾದರಿಯ ವಿಮಾನಕ್ಕೂ ಪರವಾನಗಿಯಲ್ಲಿ ಬೇರೆಯೇ ನಮೂದು ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಆ ನಮೂದೇ ಟೈಪ್ ರೇಟಿಂಗ್.

ಇದಕ್ಕಾಗಿ ಮೊದಲು ತರಗತಿಯಲ್ಲಿ ಆ ವಿಮಾನದ ಇಂಜಿನು, ಇಂಧನ, ವಿದ್ಯುತ್, ಹೈಡ್ರಾಲಿಕ್ ವ್ಯವಸ್ಥೆಗಳ ಪಾಠ ಮತ್ತು ಪರೀಕ್ಷೆ. ಬಳಿಕ ಸಿಮ್ಯುಲೇಟರ್‌ನಲ್ಲಿ ಇಂಜಿನು ನಿಂತರೆ, ಹೊಗೆ ಕಂಡರೆ, ಗಾಳಿಯೊತ್ತಡ ಇಳಿದರೆ ಏನು ಮಾಡಬೇಕೆಂಬ ಅಭ್ಯಾಸ. ಕೊನೆಗೆ ಪರೀಕ್ಷಕರ ಮುಂದೆ ಪರೀಕ್ಷೆ. ಇದರ ಖರ್ಚು ಸಿಪಿಎಲ್ ಖರ್ಚಿನ ಮೇಲೆ ಮತ್ತೆ ಹಲವು ಲಕ್ಷ. ಹಲವು ಬಾರಿ ಅಭ್ಯರ್ಥಿಯೇ ಅದನ್ನು ಭರಿಸಬೇಕಾಗುತ್ತದೆ.

ಒಂದೇ ಕುಟುಂಬದ ವಿಮಾನಗಳಿಗೆ ಒಂದೇ ರೇಟಿಂಗ್ ಸಾಕಾಗುವುದೂ ಉಂಟು. ಏರ್‌ಬಸ್ 319, 320, 321 ಇದಕ್ಕೆ ಉದಾಹರಣೆ. ಆದರೆ ಇಂತಹ ಹೋಲಿಕೆಯನ್ನು ಅತಿಯಾಗಿ ನಂಬಿದರೆ ಏನಾಗುತ್ತದೆ ಎಂಬುದನ್ನು ಬೋಯಿಂಗ್ 737 ಮ್ಯಾಕ್ಸ್ ತೋರಿಸಿತು. ಹಳೆಯ 737 ಹಾರಿಸಿದವರಿಗೆ ಹೊಸದಕ್ಕೆ ಸಿಮ್ಯುಲೇಟರ್ ಅಭ್ಯಾಸ ಬೇಡ, ಕಂಪ್ಯೂಟರ್ ಪಾಠ ಸಾಕು ಎಂದು ತೀರ್ಮಾನವಾಗಿತ್ತು. ವಿಮಾನದ ಮೂತಿಯನ್ನು ತಾನಾಗಿ ಕೆಳಗೆ ತಳ್ಳುವ ಹೊಸ ವ್ಯವಸ್ಥೆಯೊಂದು ಅದರಲ್ಲಿದ್ದುದು ಪೈಲಟರ ಕೈಪಿಡಿಯಲ್ಲಿ ವಿವರಿಸಲ್ಪಟ್ಟಿರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ನಡೆದ ಎರಡು ದುರಂತಗಳಲ್ಲಿ ವಿಮಾನಗಳಲ್ಲಿದ್ದ 346 ಮಂದಿಯೂ ತೀರಿಕೊಂಡರು. 2020ರ ನವೆಂಬರ್‌ನಲ್ಲಿ ಅಮೆರಿಕ ಮತ್ತೆ ಹಾರಾಟಕ್ಕೆ ಅನುಮತಿ ನೀಡಿದಾಗ ಸಿಮ್ಯುಲೇಟರ್ ತರಬೇತಿ ಕಡ್ಡಾಯವಾಯಿತು.

ಮುಗಿಯದ ಪರೀಕ್ಷೆಗಳು

ರೇಟಿಂಗ್ ಸಿಕ್ಕಿದ ಮೇಲೂ ವರ್ಷಕ್ಕೆ ಎರಡು ಬಾರಿ ಕೌಶಲ ಪರೀಕ್ಷೆ ಇದೆ. ಪ್ರಯಾಣಿಕರನ್ನು ಒಯ್ಯಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಬಾರಿ ವಿಮಾನ ಏರಿಸಿ ಇಳಿಸಿರಬೇಕು. ಮೊದಲ ದರ್ಜೆಯ ವೈದ್ಯಕೀಯ ಪತ್ರವನ್ನು ಮತ್ತೆ ಮತ್ತೆ ನವೀಕರಿಸಬೇಕು. 65 ದಾಟಿದವರು ಪ್ರಯಾಣಿಕ ಸೇವೆಯಲ್ಲಿ ವಿಮಾನ ಹಾರಿಸುವಂತಿಲ್ಲ.

ಇಷ್ಟಾದರೂ ಕಾಗದ ಪತ್ರವೇ ಕಾಪಾಡುವುದಿಲ್ಲ ಎಂಬುದು ನಮ್ಮೂರಿಗೆ ಗೊತ್ತು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ಓಡುಹಾದಿ ಮೀರಿ ಕಣಿವೆಗೆ ಬಿದ್ದು 158 ಜನ ಮಡಿದರು, 8 ಮಂದಿ ಬದುಕುಳಿದರು. ಕ್ಯಾಪ್ಟನ್‌ಗೆ 10,000 ಗಂಟೆಗೂ ಮಿಕ್ಕಿದ ಅನುಭವವಿತ್ತು, ಬೇಕಾದ ರೇಟಿಂಗೂ ಇತ್ತು. ಆದರೆ ಅವರು ಪ್ರಯಾಣದ ನಡುವೆ ಬಹಳ ಹೊತ್ತು ನಿದ್ರಿಸಿದ್ದರು. ಇಳಿಯುವಾಗ ವಿಮಾನ ತೀರಾ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಬಾರಿ ಮತ್ತೆ ಮೇಲೇರಲು ಹೇಳಿದರೂ ಅವರು ಇಳಿಸುವುದನ್ನು ಮುಂದುವರಿಸಿದರು ಎಂದು ತನಿಖಾ ವರದಿ ತಿಳಿಸಿತು. ಜೊತೆಗಾರನ ಮಾತಿಗೆ ಕಿವಿಗೊಡುವುದೂ ಪೈಲಟ್ ಕಲಿಕೆಯ ಭಾಗ.

ಹೆತ್ತವರ ಗಮನಕ್ಕೆ

* ಶುಲ್ಕ ಕಟ್ಟುವ ಮೊದಲೇ ಮೊದಲ ದರ್ಜೆಯ ವೈದ್ಯಕೀಯ ತಪಾಸಣೆ ಮಾಡಿಸಿರಿ. ಅಲ್ಲಿ ಅನರ್ಹರಾದರೆ ಉಳಿದುದೆಲ್ಲ ವ್ಯರ್ಥ.

* ಸಂಸ್ಥೆ ಡಿಜಿಸಿಎ ಮಾನ್ಯತೆ ಪಡೆದಿದೆಯೇ, ಹಾರಲು ಸಿದ್ಧವಿರುವ ವಿಮಾನ ಎಷ್ಟು, 200 ಗಂಟೆ ಮುಗಿಸಲು ಹಿಂದಿನ ವಿದ್ಯಾರ್ಥಿಗಳಿಗೆ ಎಷ್ಟು ಕಾಲ ಹಿಡಿಯಿತು ಎಂದು ಕೇಳಿರಿ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರಕಾರದ ಅಕಾಡೆಮಿ, ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರಕಾರದ ತರಬೇತಿ ಶಾಲೆ ಇವೆ.

* ವಿದೇಶದಲ್ಲಿ ಪಡೆದ ಪರವಾನಗಿ ಇಲ್ಲಿ ನೇರವಾಗಿ ನಡೆಯದು. ಡಿಜಿಸಿಎ ಪರೀಕ್ಷೆ ಬರೆದು ಪರಿವರ್ತಿಸಿಕೊಳ್ಳಬೇಕು.

* ಯಾವ ವಿಮಾನ ಕಂಪೆನಿಗೆ ಸೇರುತ್ತೇವೆಂದು ಖಚಿತವಾಗುವ ಮೊದಲು ಟೈಪ್ ರೇಟಿಂಗ್‌ಗೆ ಹಣ ಹಾಕಬೇಡಿ. ಬೋಯಿಂಗ್ ರೇಟಿಂಗ್ ಪಡೆದವರಿಗೆ ಏರ್‌ಬಸ್ ಕಂಪೆನಿಯಲ್ಲಿ ಅದರಿಂದ ಪ್ರಯೋಜನವಿಲ್ಲ. ಬಳಸದ ರೇಟಿಂಗ್ ಊರ್ಜಿತದಲ್ಲಿ ಉಳಿಯುವುದೂ ಇಲ್ಲ.

ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ ಸಿಪಿಎಲ್, ಟೈಪ್ ರೇಟಿಂಗ್ ಮತ್ತು ಕೆಲಸ ಸಿಗುವವರೆಗಿನ ಖಾಲಿ ತಿಂಗಳುಗಳು, ಈ ಮೂರರ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದು, ಮಕ್ಕಳನ್ನು ಕೂರಿಸಿಕೊಂಡು ಓದಿರಿ. ಆ ಮೊತ್ತ ನೋಡಿದ ಮೇಲೂ ಮನೆಯವರೆಲ್ಲ ಒಪ್ಪಿದರೆ ಧೈರ್ಯದಿಂದ ಮುಂದುವರಿಯಬಹುದು.