ಭೂಪಟ ಮರೆತ ನಾಡುಗಳ ದಿಗ್ವಿಜಯ

1937ರ ಏಪ್ರಿಲ್ 26. ಸ್ಪೇನಿನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಆ ದೇಶದ ಬಾಸ್ಕ್ ನಾಡಿನ ಹನ್ನೊಂದು ಮಂದಿ ತರುಣರು ಪ್ಯಾರಿಸ್ಸಿನ ಮೈದಾನದಲ್ಲಿ ರೇಸಿಂಗ್ ತಂಡದ ಎದುರು ಕಾಲ್ಚೆಂಡಿನ ಕಾಳಗಕ್ಕೆ ಇಳಿದಿದ್ದರು. ಅದೇ ದಿನ ಅವರ ತಾಯ್ನಾಡಿನ ಗೆರ್ನಿಕಾ ಪಟ್ಟಣದ ಮೇಲೆ ಜರ್ಮನಿ ಮತ್ತು ಇಟಲಿಯ ವಿಮಾನಗಳು ಬೆಂಕಿಯ ಮಳೆ ಸುರಿಸಿದವು. ಗೆರ್ನಿಕಾ ಸಾಮಾನ್ಯ ಊರಲ್ಲ. ಅಲ್ಲಿಯ ಪುರಾತನ ಓಕ್ ವೃಕ್ಷದ ನೆರಳಿನಲ್ಲಿ ಬಾಸ್ಕ್ ಜನರ ಸಭೆ ಶತಮಾನಗಳ ಕಾಲ ನೆರೆದಿತ್ತು. ಅವರ ಹಕ್ಕುಬಾಧ್ಯತೆಗಳನ್ನು ಕಾಪಾಡುತ್ತೇವೆಂದು ಪರರಾಜರು ಆ ಮರದ ಬುಡದಲ್ಲಿ ಪ್ರಮಾಣ ಮಾಡಿದ್ದರು. ಬಾಸ್ಕ್ ಜನರ ಸಣ್ಣ ಸರ್ಕಾರದ ಅಧ್ಯಕ್ಷನಾಗಿದ್ದ ಹೊಸೆ ಆಂಟೋನಿಯೊ ಅಗಿರ್ರೆ ಸ್ವತಃ ಬಿಲ್ಬಾವೊ ತಂಡದ ಹಳೆಯ ಆಟಗಾರ. ಸುತ್ತ ಶತ್ರುಸೈನ್ಯ ಮುತ್ತಿಗೆ ಹಾಕಿ ಕೂತಿದ್ದಾಗ ಅವನು ದೇಶದೇಶಗಳಿಗೆ ತನ್ನ ರಾಯಭಾರಿಗಳಾಗಿ ಕಳುಹಿಸಿದ್ದು ಈ ಆಟಗಾರರನ್ನು. ಯುದ್ಧದಲ್ಲಿ ನೊಂದವರಿಗಾಗಿ ಹಣ ಕೂಡಿಸುವುದು, ಬಾಸ್ಕ್ ಎಂಬ ಹೆಸರನ್ನು ಲೋಕದ ಕಿವಿಗೆ ಮುಟ್ಟಿಸುವುದು ಅವರಿಗೆ ಒಪ್ಪಿಸಿದ ಕಾರ್ಯ. ಲಾಂಗಾರ, ರೆಗೇರೊ ಮೊದಲಾದ ವೀರರು ಪ್ರಾಗಿನಲ್ಲಿ ಆಡಿದರು, ಮಾಸ್ಕೋದಲ್ಲಿ ಆಡಿದರು. ಅವರು ರಷ್ಯಾ ನಾಡಿನಲ್ಲಿ ಸಂಚರಿಸುತ್ತಿದ್ದ ಹೊತ್ತಿಗೇ, ಜೂನ್ 19ರಂದು, ರಾಜಧಾನಿ ಬಿಲ್ಬಾವೊ ಶತ್ರುವಶವಾಯಿತು. ಹಿಂತಿರುಗಲು ನಾಡಿರಲಿಲ್ಲ. ತಂಡ ಸಾಗರ ದಾಟಿ ಮೆಕ್ಸಿಕೋ ಸೇರಿತು. 1938-39ರ ಅಲ್ಲಿಯ ಲೀಗ್‌ನಲ್ಲಿ ಎರಡನೆಯ ಸ್ಥಾನ ಗಳಿಸಿತು. ರಾಜ್ಯ ಅಳಿದ ಮೇಲೂ ರಾಜ್ಯದ ಧ್ವಜ ಹನ್ನೊಂದು ಜನರ ಮೈಮೇಲಿನ ಅಂಗಿಯಾಗಿ ಉಳಿಯಬಲ್ಲದೆಂಬುದನ್ನು ಜಗತ್ತು ಅಂದು ಕಂಡಿತು.

ಇಪ್ಪತ್ತೊಂದು ವರ್ಷಗಳ ಬಳಿಕ ಅದೇ ಪರಂಪರೆ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯದಲ್ಲಿ ಮರುಹುಟ್ಟು ಪಡೆಯಿತು. 1958ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ದೊಡ್ಡ ದೊಡ್ಡ ಕ್ಲಬ್ಬುಗಳಲ್ಲಿ ಆಡುತ್ತಿದ್ದ ಅಲ್ಜೀರಿಯದ ಆಟಗಾರರು ಒಬ್ಬೊಬ್ಬರಾಗಿ ಗಡಿ ದಾಟಿ ಟ್ಯುನಿಸ್ ನಗರದಲ್ಲಿ ಕೂಡಿಕೊಂಡರು. ರಶೀದ್ ಮೆಖ್ಲೂಫಿ, ಮುಸ್ತಫಾ ಜಿತೂನಿ ಇಬ್ಬರೂ ಅದೇ ಬೇಸಿಗೆಯ ವಿಶ್ವಕಪ್ಪಿಗೆ ಫ್ರಾನ್ಸಿನ ಪರವಾಗಿ ಹೋಗಬೇಕಾಗಿದ್ದವರು. ಕೀರ್ತಿ, ಸಂಬಳ, ವಿಶ್ವಕಪ್ಪಿನ ಅಂಗಣ ಎಲ್ಲವನ್ನೂ ತೊರೆದು, ಇನ್ನೂ ಹುಟ್ಟದ ಒಂದು ದೇಶದ ತಂಡವಾಗಿ ಅವರು ನಾಲ್ಕು ವರ್ಷ ಏಷ್ಯಾ ಮತ್ತು ಪೂರ್ವ ಯುರೋಪಿನ ಮೈದಾನಗಳಲ್ಲಿ ಆಡಿದರು. ಫಿಫಾ ಅವರನ್ನು ಒಪ್ಪಲಿಲ್ಲ. 1962ರಲ್ಲಿ ದೇಶವೇ ಹುಟ್ಟಿತು. ಮುಂದೆ 1982ರ ವಿಶ್ವಕಪ್ಪಿನಲ್ಲಿ ಪಶ್ಚಿಮ ಜರ್ಮನಿಯನ್ನು ಮಣಿಸಿದ ಅಲ್ಜೀರಿಯ ತಂಡದ ತರಬೇತುದಾರರಲ್ಲಿ ಆ ಮೆಖ್ಲೂಫಿಯೂ ಒಬ್ಬ. ವಿಧಿ ಎಲ್ಲ ತಂಡಗಳಿಗೂ ಇಷ್ಟು ಉದಾರವಾಗಿರಲಿಲ್ಲ.

1904ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಫಿಫಾ ಇಂದು 211 ಸದಸ್ಯರ ಮಹಾಸಾಮ್ರಾಜ್ಯ. ವಿಶ್ವಸಂಸ್ಥೆಯ ಸದಸ್ಯರಿಗಿಂತಲೂ ಅದರ ಸದಸ್ಯರ ಸಂಖ್ಯೆ ದೊಡ್ಡದು. ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ ಅಲ್ಲಿ ಆದಿಕಾಲದ ಹಕ್ಕಿದೆ. ಆದರೆ ಹೊಸದಾಗಿ ಬಾಗಿಲು ತಟ್ಟುವ ನಾಡಿಗೆ ಇತರ ರಾಷ್ಟ್ರಗಳ ಮಾನ್ಯತೆಯ ಮುದ್ರೆ ಬೇಕು. ಆ ಮುದ್ರೆ ಇಲ್ಲದವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರವಾಗಿ 2003ರಲ್ಲಿ ಬೆಲ್ಜಿಯಂನಲ್ಲಿ ಎನ್.ಎಫ್. ಬೋರ್ಡ್ ಎಂಬ ಮಂಡಳಿ ಸ್ಥಾಪನೆಯಾಯಿತು. ಅದು ನಡೆಸಿದ ಪಂದ್ಯಾವಳಿಗೆ ವಿವಾ ವಿಶ್ವಕಪ್ ಎಂದು ಹೆಸರು. ಮೊದಲ ಹೆಜ್ಜೆಯಲ್ಲೇ ಒಡಕು ಕಾಣಿಸಿತು. ಆತಿಥ್ಯ ವಹಿಸಬೇಕಿದ್ದ ಉತ್ತರ ಸೈಪ್ರಸ್ ಮಂಡಳಿಯೊಡನೆ ಮುನಿದು 2006ರಲ್ಲಿ ತನ್ನದೇ ಬೇರೆ ಕಪ್ ನಡೆಸಿತು. ವಿವಾ ಕಪ್ ದಕ್ಷಿಣ ಫ್ರಾನ್ಸಿನ ಆಕ್ಸಿಟೇನಿಯಾಕ್ಕೆ ಸ್ಥಳಾಂತರವಾಯಿತು. ವೀಸಾ ಸಿಗದೆ ದಕ್ಷಿಣ ಕ್ಯಾಮರೂನ್‌ನವರು ಬರಲೇ ಇಲ್ಲ. ಉತ್ತರ ಧ್ರುವದ ಅಂಚಿನ ಸಾಮಿ ಜನರ ತಂಡ ಫೈನಲ್‌ನಲ್ಲಿ ಮೊನಾಕೊವನ್ನು 21-1ರಿಂದ ಸೋಲಿಸಿ ಮೊದಲ ಪಟ್ಟ ಏರಿತು.

ಅನಂತರ ಪಡಾನಿಯಾದ ಏಕಚಕ್ರಾಧಿಪತ್ಯ. ಪೋ ನದಿಯ ಬಯಲನ್ನು ಇಟಲಿಯಿಂದ ಬೇರ್ಪಡಿಸುತ್ತೇವೆಂದು ಉಂಬೆರ್ತೊ ಬೋಸಿ ಎಂಬ ರಾಜಕಾರಣಿ 1996ರಲ್ಲಿ ವೆನಿಸ್ ನಗರದಲ್ಲಿ ಸಾರಿದ್ದ ಆ ನಾಡು 2008, 2009, 2010ರಲ್ಲಿ ಸತತವಾಗಿ ಮೂರು ಬಾರಿ ಕಪ್ ಗೆದ್ದಿತು. ಅವರ ಆಟದಲ್ಲಿ ನೈಪುಣ್ಯವಿತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ನೊಂದ ಜನಾಂಗಗಳ ಕೂಟದಲ್ಲಿ ಒಂದು ಸಂಪನ್ನ ಪ್ರಾಂತದ ರಾಜಕೀಯ ಆಕಾಂಕ್ಷೆಯೇ ಚಕ್ರವರ್ತಿಯಾಗಿ ಕುಳಿತದ್ದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನಾಡಿಲ್ಲದವರ ಸಂಕಟವೂ ನಾಡು ಸಾಲದವರ ಹಂಬಲವೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. 2009ರಲ್ಲಿ ಮತ್ತು 2010ರಲ್ಲಿ, ಎರಡು ಬಾರಿ ಫೈನಲ್‌ನಲ್ಲಿ ಆ ಚಕ್ರವರ್ತಿಗೆ ಸೋತವರು ಯಾರು? 1920ರ ಸೆವ್ರ್ ಒಪ್ಪಂದದಲ್ಲಿ ನಾಡಿನ ಭರವಸೆ ಪಡೆದು 1923ರ ಲೋಸಾನ್ ಒಪ್ಪಂದದಲ್ಲಿ ಅದನ್ನು ಕಳೆದುಕೊಂಡ, 1988ರಲ್ಲಿ ಹಲಬ್ಜಾದ ವಿಷಾನಿಲದಲ್ಲಿ ಮಕ್ಕಳುಮರಿಗಳನ್ನು ಬಲಿಕೊಟ್ಟ ಕುರ್ದರು. 2012ರಲ್ಲಿ ಪಂದ್ಯಾವಳಿ ಅವರ ಎರ್ಬಿಲ್ ನಗರಕ್ಕೇ ಬಂತು. ಸಹಸ್ರಾರು ವರ್ಷಗಳ ಕೋಟೆ ತಲೆಯೆತ್ತಿ ನಿಂತ ಆ ಊರಿನಲ್ಲಿ ಕುರ್ದಿಸ್ತಾನ ಉತ್ತರ ಸೈಪ್ರಸ್‌ನ ಮೇಲೆ 2-1ರ ಜಯ ಸಾಧಿಸಿತು. ಕಪ್ ಮೇಲೆತ್ತಿದ ಆ ಕೈಗಳ ಹಿಂದೆ ತೊಂಬತ್ತು ವರ್ಷಗಳ ಕಾಯುವಿಕೆ ಇತ್ತು. ಎನ್.ಎಫ್. ಬೋರ್ಡ್‌ನ ಯುಗ ಮುಗಿದದ್ದೂ ಅಲ್ಲಿಯೇ.

2013ರ ಜೂನ್‌ನಲ್ಲಿ ಹೊಸ ಒಕ್ಕೂಟ ಉದಯಿಸಿತು. ಅದರ ಹೆಸರು ಕೊನಿಫಾ, ಆಗಿನ ಅಧ್ಯಕ್ಷ ಪರ್ ಆಂಡರ್ಸ್ ಬ್ಲಿಂಡ್. ಹಿಮಸಾರಂಗ ಕಾಯುವ ಸಾಮಿ ಮನೆತನದಿಂದ ಬಂದ ಈತನ ಜನರನ್ನು ನಾರ್ವೆ, ಸ್ವೀಡನ್, ಫಿನ್‌ಲೆಂಡ್, ರಷ್ಯಾ ಎಂಬ ನಾಲ್ಕು ದೇಶಗಳ ಗಡಿಗಳು ಸೀಳಿವೆ. ಅವರ ಸಾರಂಗಗಳ ಹಿಂಡುಗಳು ಆ ಗಡಿಗಳಿಗಿಂತ ಹಳೆಯವು. 2014ರಲ್ಲಿ ಸ್ವೀಡನ್ನಿನ ಓಸ್ಟರ್‌ಸುಂಡ್‌ನಲ್ಲಿ ಕೊನಿಫಾ ವಿಶ್ವಕಪ್ಪಿಗೆ ಹನ್ನೆರಡು ತಂಡಗಳು ನೆರೆದವು. 1860ರಲ್ಲಿ ಫ್ರಾನ್ಸಿಗೆ ಸೇರಿಹೋದ ನೀಸ್ ಪ್ರಾಂತ ಪೆನಾಲ್ಟಿಗಳಲ್ಲಿ ಐಲ್ ಆಫ್ ಮ್ಯಾನ್ ತಂಡವನ್ನು ಸೋಲಿಸಿ ಕಪ್ ಪಡೆಯಿತು. ಆದರೆ ಆ ವರ್ಷದ ನೆನಪು ನನಗೆ ಗೆದ್ದವರದಲ್ಲ, ಡಾರ್ಫರಿನವರದು. ಸುಡಾನಿನ ಊರುಗಳು ಸುಟ್ಟುಹೋದ ಮೇಲೆ ಚಾಡ್ ದೇಶದ ನಿರಾಶ್ರಿತರ ಶಿಬಿರಗಳಲ್ಲಿ, ಮರಳಿನ ಮೇಲೆ ಆಟ ಕಲಿತ ಹುಡುಗರು ಅವರು. ಪಡಾನಿಯಾ ಅವರ ಮೇಲೆ 20 ಗೋಲು ಹೊಡೆಯಿತು, ದಕ್ಷಿಣ ಒಸೇಟಿಯಾ 19 ಹೊಡೆಯಿತು. ಅವರು ಪ್ರತಿ ಪಂದ್ಯಕ್ಕೂ ಇಳಿದರು, ಕೊನೆಯ ಸೀಟಿಯವರೆಗೂ ಓಡಿದರು. ಗೆದ್ದವನಿಗಿಂತ ಮೊದಲು ಹೋರಾಡಿ ಮಡಿದವನಿಗೆ ವೀರಗಲ್ಲು ನೆಟ್ಟ ನಾಡಿನವರು ನಾವು. ಡಾರ್ಫರಿನ ಆ ಹುಡುಗರನ್ನು ಹೇಗೆ ನೋಡಬೇಕೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

2016ರ ಕೊನಿಫಾ ವಿಶ್ವಕಪ್ಪಿನ ಕಥೆ ಕಪ್ಪು ಸಮುದ್ರದ ತೀರದ್ದು. 1992-93ರ ಯುದ್ಧದಲ್ಲಿ ಜಾರ್ಜಿಯಾದಿಂದ ಬೇರ್ಪಟ್ಟ ಅಬ್ಖಾಜಿಯಾವನ್ನು ರಷ್ಯಾ ಮತ್ತು ಕೈಬೆರಳೆಣಿಕೆಯ ದೇಶಗಳು ಮಾತ್ರ ಮಾನ್ಯ ಮಾಡಿವೆ. ಅದರ ರಾಜಧಾನಿ ಸುಖುಮಿಯ ನಡುವೆ ಯುದ್ಧದಲ್ಲಿ ಸುಟ್ಟ ಸರ್ಕಾರಿ ಸೌಧದ ಅಸ್ಥಿಪಂಜರ, ಗಾಜಿಲ್ಲದ ನೂರಾರು ಕಿಟಕಿಗಳೊಡನೆ, ಹಾಗೆಯೇ ನಿಂತಿತ್ತು. ಆ ಯುದ್ಧದಲ್ಲಿ ಮನೆಮಠ ಬಿಟ್ಟು ಓಡಿದ ಎರಡು ಲಕ್ಷಕ್ಕೂ ಹೆಚ್ಚಿನ ಜಾರ್ಜಿಯನ್ನರು ಈ ಉತ್ಸವಕ್ಕೆ ಹೊರಗಿನವರಾಗಿಯೇ ಉಳಿದರೆಂಬುದನ್ನು ಇತಿಹಾಸ ಬರೆಯುವವನು ಮರೆಮಾಚಬಾರದು. ಒಬ್ಬರ ವಿಮೋಚನೆಯ ಪುಟದ ಹಿಂಬದಿಯಲ್ಲಿ ಇನ್ನೊಬ್ಬರ ವಲಸೆಯ ಕಥೆ ಇರುತ್ತದೆ. ಅಂಥ ನೆಲದಲ್ಲಿ ಡಯೆಗೊ ಗಾರ್ಸಿಯಾದ ಸೇನಾನೆಲೆಗಾಗಿ ದ್ವೀಪಗಳಿಂದ ಹೊರದೂಡಲ್ಪಟ್ಟ ಚಾಗೋಸ್ ಜನರ ಮಕ್ಕಳು ಆಡಿದರು, ಜಪಾನಿನಲ್ಲಿ ತಲೆಮಾರುಗಳಿಂದ ನೆಲೆಸಿದ ಕೊರಿಯನ್ನರು ಆಡಿದರು, ಸೊಮಾಲಿಲ್ಯಾಂಡಿನವರು ಆಡಿದರು. ಫೈನಲ್ ತಲುಪಿದ್ದು ಆತಿಥೇಯರು ಮತ್ತು ಪಂಜಾಬ್.

ಹೌದು, ನಮ್ಮ ಉಪಖಂಡದ ಅದೇ ಪಂಜಾಬ್, ಆದರೆ 1947ರ ಗೆರೆ ಬೀಳುವ ಮೊದಲಿನ ಪಂಜಾಬ್. ಲಾಹೋರ್, ಅಮೃತಸರ ಎರಡನ್ನೂ ತನ್ನದೆನ್ನುವ ಜನರ ಮೊಮ್ಮಕ್ಕಳು ಇಂಗ್ಲೆಂಡಿನಲ್ಲಿ ಕಟ್ಟಿದ ತಂಡ ಅದು. ದೆಹಲಿಯಲ್ಲೂ ಇಸ್ಲಾಮಾಬಾದಿನಲ್ಲೂ ಜಾಗವಿಲ್ಲದ ಒಂದು ಅಖಂಡತೆ ಕಾಕಸಸ್ ಪರ್ವತಗಳ ಬುಡದಲ್ಲಿ ಕೆಲವು ದಿನಗಳ ಮಟ್ಟಿಗೆ ಜೀವ ತಳೆದಿತ್ತು. ಅಮರ್ ಪುರೇವಾಲ್ ಹೊಡೆದ ಗೋಲಿನಿಂದ ಪಂಜಾಬ್ ಮುಂದಾಯಿತು. ಕಿಕ್ಕಿರಿದ ಮೈದಾನ ಮೌನವಾಯಿತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ ಅಬ್ಖಾಜಿಯಾ ಸಮ ಮಾಡಿತು. ಪೆನಾಲ್ಟಿಗಳ ಸರದಿ. ಐದೈದು ಒದೆತಗಳಲ್ಲಿ ತೀರ್ಮಾನವಾಗದೆ ಆಟ ಮುಂದೆ ಸಾಗಿತು. ಹನ್ನೆರಡು ಗಜ ದೂರದಲ್ಲಿಟ್ಟ ಚೆಂಡು, ಅದರ ಹಿಂದೆ ಒಬ್ಬ, ಅದರ ಮುಂದೆ ಒಬ್ಬ, ಸುತ್ತ ಉಸಿರು ಬಿಗಿಹಿಡಿದ ಒಂದು ಪುಟ್ಟ ದೇಶ. 6-5. ಅಬ್ಖಾಜಿಯಾ ಗೆದ್ದಿತು. ಜನ ಮೈದಾನಕ್ಕೆ ನುಗ್ಗಿದರು. ಅಖಂಡ ಪಂಜಾಬ್ ಎರಡನೆಯ ಸ್ಥಾನದೊಡನೆ ಇಂಗ್ಲೆಂಡಿಗೆ ಮರಳಿತು.

ಈ ಪರಂಪರೆಯ ಒಂದು ಎಳೆ ನಮ್ಮ ಹೊಲಗಳ ನಡುವಿನಿಂದಲೇ ಹಾದುಹೋಗುತ್ತದೆ. 1959ರಲ್ಲಿ ಲಾಸಾ ತೊರೆದು ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ನೆಲ ಕೊಟ್ಟಿತು. ಬೈಲುಕುಪ್ಪೆಯ ಕಾಡು ಕಡಿದು, ಆನೆಗಳ ಹಾವಳಿ ಸಹಿಸಿ, ಹಿಮದ ನಾಡಿನ ಜನ ಮುಸುಕಿನ ಜೋಳ ಬೆಳೆದರು; ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲಿಯೂ ನೆಲೆಗಳೆದ್ದವು. ದಲಾಯಿ ಲಾಮಾ ಅವರ ತಾಯಿಯ ಸ್ಮರಣಾರ್ಥ 1981ರಿಂದ ನಡೆಯುವ ಗ್ಯಾಲ್ಯುಮ್ ಚೆನ್ಮೊ ಕಪ್ಪಿಗಾಗಿ ಈ ಶಿಬಿರಗಳ ತಂಡಗಳು ಸೆಣಸುತ್ತ ಬಂದಿವೆ. ಟಿಬೆಟಿನ ರಾಷ್ಟ್ರೀಯ ತಂಡದ ಬೇರು ಇಂಥ ಮೈದಾನಗಳಲ್ಲಿದೆ. ಆಶ್ರಯವಿತ್ತವರ ಮಕ್ಕಳಾದ ನಾವು ಆ ತಂಡದ ಕಥೆಗೆ ಪರಕೀಯರಲ್ಲ.

2001ರ ಜೂನ್ 30ರಂದು ಆ ತಂಡ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲೆಂಡಿನ ಎದುರು ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿತು. ಪಂದ್ಯ ನಿಲ್ಲಿಸಲು ಚೀನಾ ಒತ್ತಡ ಹೇರಿತು. ಗ್ರೀನ್‌ಲೆಂಡಿನ ಸೀಗಡಿ ಕೊಳ್ಳುವುದನ್ನು ಬಿಟ್ಟೇವೆಂಬ ಬೆದರಿಕೆಯೂ ಬಂತು. ಮೀನುಗಾರಿಕೆಯಿಂದಲೇ ಬದುಕುವ ಒಂದು ಸಣ್ಣ ಜನಾಂಗ ಅದಕ್ಕೆ ಬಗ್ಗದೆ ಮೈದಾನಕ್ಕೆ ಬಂದುದನ್ನು ನಾವು ಗೌರವದಿಂದ ನೆನೆಯಬೇಕು. ಟಿಬೆಟನ್ ಆಟಗಾರರ ಕೈಯಲ್ಲಿದ್ದದ್ದು ಪಾಸ್‌ಪೋರ್ಟ್ ಅಲ್ಲ, ಭಾರತ ಸರ್ಕಾರ ನಿರಾಶ್ರಿತರಿಗೆ ಕೊಡುವ ಹಳದಿ ರಟ್ಟಿನ ಗುರುತಿನ ಪುಸ್ತಕ. ಹಿಮಸಿಂಹದ ಧ್ವಜ ಏರಿತು, ಗೀತೆ ಮೊಳಗಿತು. ಆಟ ಆರಂಭವಾಗಿ ಸ್ವಲ್ಪ ಹೊತ್ತಿಗೇ ಮೊದಲ ಗೋಲು ಹೊಡೆದವರು ಟಿಬೆಟನ್ನರು! ಕೊನೆಗೆ 4-1ರಿಂದ ಸೋತರು. ಆದರೂ ಆ ಒಂದು ಗೋಲು ಮತ್ತು ಎದುರಾಳಿಯ ಮೊದಲ ಗೋಲಿನ ನಡುವಿನ ನಿಮಿಷಗಳಲ್ಲಿ ಟಿಬೆಟ್ ಎಂಬ ದೇಶ ಫಲಕದ ಮೇಲೆ ಮುನ್ನಡೆಯಲ್ಲಿತ್ತು. 2018ರಲ್ಲಿ ಲಂಡನ್ನಿನಲ್ಲಿ ಕೊನಿಫಾ ವಿಶ್ವಕಪ್ಪಿಗೆ ಅವರು ಮೊದಲ ಬಾರಿಗೆ ಬಂದರು. ಗುಂಪಿನ ಮೂರು ಪಂದ್ಯಗಳನ್ನೂ ಸೋತರು. ಅಂದು ಹದಿನಾರು ತಂಡಗಳಿದ್ದವು, ತಮಿಳು ಈಳಂ ತಂಡವೂ ಇತ್ತು. ಕಪ್ ಗೆದ್ದದ್ದು ಉಕ್ರೇನಿನ ಹಂಗೇರಿಯನ್ ಅಲ್ಪಸಂಖ್ಯಾತರ ಕಾರ್ಪಾತಲ್ಯಾ. ಬೇರೊಂದು ತಂಡ ಹಿಂದೆ ಸರಿದದ್ದರಿಂದ ಕೊನೆಗಳಿಗೆಯಲ್ಲಿ ಒಳಬಂದವರು, ಪೆನಾಲ್ಟಿಗಳಲ್ಲಿ ಉತ್ತರ ಸೈಪ್ರಸ್ ಅನ್ನು ಮಣಿಸಿದರು. ಮನೆಗೆ ಮರಳಿದಾಗ ಅವರಿಗೆ ಸಿಕ್ಕ ಬಹುಮಾನ ಪ್ರತ್ಯೇಕತಾವಾದದ ಆರೋಪ ಮತ್ತು ಆಟದಿಂದ ನಿಷೇಧ. 2020ರಲ್ಲಿ ಸ್ಕೋಪಿಯೆ ನಗರದಲ್ಲಿ ನಡೆಯಬೇಕಿದ್ದ ಕಪ್ಪನ್ನು ಕೊರೊನಾ ಮಹಾಮಾರಿ ನುಂಗಿತು.

ಕೊನಿಫಾದ ಮತ್ತೊಂದು ಉತ್ಸವ 2019ರ ಜೂನ್‌ನಲ್ಲಿ ನಡೆದಿತ್ತು. ನಾಗೋರ್ನೊ ಕರಾಬಖ್‌ನ ಅರ್ಮೇನಿಯನ್ನರು ತಮ್ಮ ನಾಡನ್ನು ಆರ್ತ್ಸಾಖ್ ಎಂದು ಕರೆಯುತ್ತಿದ್ದರು. ವಿಶ್ವಸಂಸ್ಥೆಯ ಯಾವ ಸದಸ್ಯ ದೇಶವೂ, ಅರ್ಮೇನಿಯಾ ಕೂಡ, ಅದಕ್ಕೆ ಮಾನ್ಯತೆ ಕೊಟ್ಟಿರಲಿಲ್ಲ. ಅಜರ್‌ಬೈಜಾನಿನ ಪ್ರತಿಭಟನೆಯ ನಡುವೆಯೇ ಅದರ ರಾಜಧಾನಿ ಸ್ತೆಪನಾಕೆರ್ತ್ ಯುರೋಪಿನ ಕಪ್ಪಿಗೆ ಆತಿಥ್ಯ ನೀಡಿತು. ಬೆಟ್ಟಗಳ ನಡುವಿನ ಆ ಊರಿನ ಮೈದಾನ ತುಂಬಿತು. ಫೈನಲ್‌ನಲ್ಲಿ ದಕ್ಷಿಣ ಒಸೇಟಿಯಾ ಪಶ್ಚಿಮ ಅರ್ಮೇನಿಯಾವನ್ನು 1-0ರಿಂದ ಸೋಲಿಸಿತು. ಮರುವರ್ಷ ಸೆಪ್ಟೆಂಬರ್ 27ರಂದು ಯುದ್ಧ ಆರಂಭವಾಗಿ 44 ದಿನ ನಡೆಯಿತು. 2023ರ ಸೆಪ್ಟೆಂಬರ್ 19ರಂದು ಅಜರ್‌ಬೈಜಾನಿನ ಸೇನೆ ಮತ್ತೆ ಮುನ್ನುಗ್ಗಿತು. ಒಂದೇ ದಿನದಲ್ಲಿ ಎಲ್ಲ ಮುಗಿದುಹೋಯಿತು. ಅರ್ಮೇನಿಯಾಕ್ಕೆ ಹೋಗುವ ಲಾಚಿನ್ ದಾರಿಯುದ್ದಕ್ಕೂ ಕಾರು, ಲಾರಿ, ಟ್ರ್ಯಾಕ್ಟರುಗಳ ಸಾಲು, ಅವುಗಳ ಮೇಲೆ ಹಗ್ಗ ಬಿಗಿದು ಕಟ್ಟಿದ ಹಾಸಿಗೆಗಳು. ಒಂದು ಲಕ್ಷಕ್ಕೂ ಮಿಕ್ಕ ಜನ ಒಂದೇ ವಾರದಲ್ಲಿ ನಾಡು ಬಿಟ್ಟರು. 2024ರ ಜನವರಿ 1ಕ್ಕೆ ತಮ್ಮ ಗಣರಾಜ್ಯ ವಿಸರ್ಜನೆಯಾಗುತ್ತದೆಂದು ಅದರ ಕೊನೆಯ ಅಧ್ಯಕ್ಷ ಆಜ್ಞೆಗೆ ಸಹಿ ಹಾಕಿದ. ನಾಲ್ಕು ವರ್ಷಗಳ ಹಿಂದೆ ಪರನಾಡಿನ ತಂಡಗಳನ್ನು ಬರಮಾಡಿಕೊಂಡ ಸ್ತೆಪನಾಕೆರ್ತಿನಲ್ಲಿ ಆ ಜನರ ಪೈಕಿ ಉಳಿದವರು ಬೆರಳೆಣಿಕೆಯಷ್ಟು ಮಂದಿ.