ಹತ್ತೊಂಬತ್ತನೇ ಗೇಟು

ತವರಿನ ಬಾವಿಯ ಹಗ್ಗ ಸವೆದು ನಾರು ನಾರಾಗಿದ್ದರೂ ಅವ್ವ "ಈ ಸಂತಿ ಹೋಗ್ಲಿ, ಮುಂದಿನ ಸಂತ್ಯಾಗ ತರೋಣು" ಅನ್ನುತ್ತಿದ್ದಳು. ಹಗ್ಗ ಹರಿದು ಕೊಡ ಬಾವಿಯ ಪಾಲಾದ ದಿನ ಅಪ್ಪ ಬೈದದ್ದು ಮಾತ್ರ ಆ ಹೊತ್ತಿನಲ್ಲಿ ಸೇದುತ್ತಿದ್ದ ನನ್ನನ್ನು!

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಯಿತೆಂದು ಕೇಳಿದಾಗ ನನಗೆ ಆ ಹಗ್ಗವೇ ನೆನಪಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಹೊಳೆಯಲ್ಲಿ ಕೊಚ್ಚಿಹೋಗಿತ್ತು. ಜಲಾಶಯ ಆಗಷ್ಟೇ ತುಂಬಿತ್ತು, ಸುಮಾರು 105 ಟಿಎಂಸಿ. ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯೂಸೆಕ್ ನೀರು ಹೊರನುಗ್ಗಿತು. ಅದರ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ತುಂಬಿದ ಹಗೇವನ್ನು ಕೈಯಾರೆ ಬರಿದು ಮಾಡಿದ ಹಾಗೆ.

ಸಿಂಧನೂರಿನ ಕಡೆ ಭತ್ತದ ಹಂಗಾಮು. ಎಡದಂಡೆ ಕಾಲುವೆ ಬಂದ ಮೇಲೆಯೇ ಅಲ್ಲವೆ ಜೋಳದ ಸೀಮೆ ಭತ್ತದ ಸೀಮೆಯಾದದ್ದು? ಮಸ್ಕಿ ಕಡೆಯವರಿಗಂತೂ ಕಾಲುವೆಯ ನೀರಿಗಾಗಿ ಕಾಯುವುದೇ ಒಂದು ಬದುಕು. ಲಿಂಗಸುಗೂರಿನವರು ಕೃಷ್ಣೆಯನ್ನು ನಂಬಿದವರು. ಅವರೂ 2005ರಲ್ಲಿ ನಾರಾಯಣಪುರ ಜಲಾಶಯದ ಗೇಟೊಂದು ಕೊಚ್ಚಿಹೋದದ್ದನ್ನು ಕಂಡವರೇ.

ಎಂಬತ್ತರ ಹೊಸ್ತಿಲಲ್ಲಿದ್ದ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಜಲಾಶಯ ಖಾಲಿಯಾಗುವ ತನಕ ಕಾಯದೆ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರು. ಆಗಸ್ಟ್ 16ರಂದು ಮೊದಲನೆಯದು ಕೂತಿತು, ಮರುದಿನ ಐದೂ ಮುಗಿದವು. ಪುಣ್ಯಕ್ಕೆ ಮತ್ತೆ ಮಳೆಯಾಗಿ ಜಲಾಶಯ ತುಂಬಿಕೊಂಡಿತು.

ತಪ್ಪು ಯಾರದು? ಆ ರಾತ್ರಿ ಕಾವಲಿದ್ದವರದೆಂದು ನಾನು ಹೇಳಲಾರೆ. 1953ರಿಂದ ನೀರು ಹಿಡಿದ ಅಣೆಕಟ್ಟು. ಎಪ್ಪತ್ತು ವರ್ಷ ನೆನೆದ ಕಬ್ಬಿಣಕ್ಕೆ ಆಯುಷ್ಯವಿಲ್ಲವೆ? ಗೇಟು ಹೋದರೆ ತಕ್ಷಣ ಇಳಿಸಲು ತಡೆಹಲಗೆಗಳೇ ಅಲ್ಲಿ ಸಿದ್ಧವಿರಲಿಲ್ಲ. ಅಂಥ ದಿನ ಬರಬಹುದೆಂದು ಯಾರೂ ಎಣಿಸಿರಲಿಲ್ಲವೋ ಏನೋ.

ಮುಂದುವರಿದ ದೇಶಗಳ ಕಥೆಯೂ ಬೇರೆಯಲ್ಲ. 1986ರಲ್ಲಿ ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿನಲ್ಲಿ ಒಡೆದು ಏಳು ಜನ ಸತ್ತರು. ಕಾರಣ ಒಂದು ರಬ್ಬರ್ ಬಳೆ, ನಮ್ಮ ಕುಕ್ಕರಿನ ರಬ್ಬರಿನ ದೊಡ್ಡಕ್ಕನಂಥದ್ದು. ಚಳಿಗೆ ಅದು ಗಡುಸಾಗುತ್ತದೆಂದು ಎಂಜಿನಿಯರುಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು. ಮೇಲಿನವರಿಗೆ ತಡಮಾಡಲು ಮನಸ್ಸಿರಲಿಲ್ಲ. ಅಲ್ಲಿ ಅವಸರ, ನಮ್ಮಲ್ಲಿ ಸಾವಕಾಶ.

ಆ ಸಾವಕಾಶದ ಲೆಕ್ಕ ಆಮೇಲೆ ಬಂತು. 33 ಗೇಟುಗಳನ್ನೂ ಬದಲಿಸಬೇಕೆಂದಾಯಿತು. 2025ರ ಮಳೆಗಾಲದಲ್ಲಿ ಭಯಕ್ಕೆ 80 ಟಿಎಂಸಿಯಷ್ಟೇ ನಿಲ್ಲಿಸಿದರು. ಗೇಟಿನ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲವೆಂದು ಆ ನವೆಂಬರಿನಲ್ಲಿ ತೀರ್ಮಾನವಾಯಿತು. ಎರಡನೇ ಬೆಳೆ ಇಲ್ಲವೆಂದರೆ ನಾಟಿ ಇಲ್ಲ, ನಾಟಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಕೂಲಿ ಇಲ್ಲ.