ಮಣ್ಣೊಂದೆಡೆ, ಬೆಂಕಿಯೊಂದೆಡೆ: ಕೆನಡಾದ ಕುಂಭೋದ್ಯಮವನ್ನು ಕುರಿತು

ಕುಂಬಾರನು ಮಣ್ಣಿರುವ ಕಡೆಯಲ್ಲಿಯೇ ತಿಗುರಿಯನ್ನು ನೆಟ್ಟು ಆವಿಗೆಯನ್ನು ಹೂಡುವನೆಂಬುದು ಲೋಕರೂಢಿಯ ನಂಬುಗೆ. ಕ್ವಿಬೆಕ್ ಪ್ರಾಂತದ ಫ್ರೆಂಚ್ ಕುಂಬಾರರು ರಿಶೆಲ್ಯೂ ನದಿಯ ದಡದ ಸೇಂಟ್ ಡೆನಿಯಲ್ಲಿ ಸೀಸದ ಮೆರುಗು ಕೊಟ್ಟ ಕೆಂಪು ಪಾತ್ರೆಗಳನ್ನು ಮಾಡಿಕೊಂಡಿದ್ದಷ್ಟು ಕಾಲವೂ ಈ ನಂಬುಗೆಗೆ ಚ್ಯುತಿಯುಂಟಾಗಲಿಲ್ಲ. ಆದರೆ ಕೆಮ್ಮಣ್ಣು ಅತಿಶಯವಾದ ತಾಪವನ್ನು ತಾಳಲಾರದಷ್ಟೆ. ಒಳಗಿನ ನೀರು ಒಸರದ, ಹುಳಿಗೂ ಉಪ್ಪಿಗೂ ಜಗ್ಗದ ಗಟ್ಟಿ ಜಾಡಿಗಳನ್ನು ಮಾಡಬೇಕೆಂದು 1840ರ ಸುಮಾರಿಗೆ ವರ್ಮಾಂಟಿನಿಂದ ಬಂದ ಫರಾರ್ ಮನೆತನದವರು ಕ್ವಿಬೆಕ್ಕಿನ ಸೇಂಟ್ ಜಾನ್ಸ್ ಊರಿನಲ್ಲಿಯೂ, 1849ರಲ್ಲಿ ಜಸ್ಟಸ್ ಮಾರ್ಟನ್ ಎಂಬಾತನು ಒಂಟಾರಿಯೋದ ಬ್ರಾಂಟ್‌ಫರ್ಡಿನಲ್ಲಿಯೂ ತೊಡಗಿದಾಗ, ಅದಕ್ಕೊಪ್ಪುವ ಜೇಡಿಯು ದೂರದ ನ್ಯೂಜೆರ್ಸಿಯಿಂದ ಜಲಮಾರ್ಗವಾಗಿ ಬರಬೇಕಾಯಿತು.

ಬ್ರಾಂಟ್‌ಫರ್ಡಿನ ಹಳೆಯ ಜಾಡಿಯೊಂದರ ಮೇಲೆ ಬೆರಳಾಡಿಸಿದರೆ ಕಿತ್ತಳೆಯ ಸಿಪ್ಪೆಯಂತಹ ಸಣ್ಣ ತರಿಗಳು ತಾಗುವುವು. ಆವಿಗೆಯು ಕಾದು ಬೆಳ್ಳಗಾದ ವೇಳೆಯಲ್ಲಿ ಉಪ್ಪನ್ನು ಎರಚಲು, ಅದರ ಆವಿಯು ಮಣ್ಣಿನ ಸಿಲಿಕದೊಡನೆ ಕೂಡಿ ಗಾಜಾದುದರ ಗುರುತದು. ಅದರ ಕೆಳಗೆ ಕುಂಚದಿಂದೆಳೆದ ನೀಲಿಯ ಹೂವು. ಹೂವನ್ನು ಬರೆದ ಕೈ ಕೆನಡಾದ್ದು, ಒಡಲ ಮಣ್ಣು ಪರದೇಶದ್ದು!

ಪಶ್ಚಿಮದ ಆಲ್ಬರ್ಟಾದ ಮೆಡಿಸಿನ್ ಹ್ಯಾಟ್ ಪಟ್ಟಣದಲ್ಲಿ ನೆಲದಡಿಯಲ್ಲಿಯೇ ಅನಿಲವಿದ್ದುದರಿಂದ ಬೆಂಕಿಗೆ ಬರವಿರಲಿಲ್ಲ. ಇಟ್ಟಿಗೆಗೆ ಊರ ಮಣ್ಣೇ ಸಾಕಾಗಿತ್ತು. ಜಾಡಿಯ ಜೇಡಿಯು ಮಾತ್ರ ನೆರೆಯ ಸಸ್ಕಾಚೆವಾನಿನಿಂದ ರೈಲಿನಲ್ಲಿ ಬರುತ್ತಿತ್ತು. 1912ರಲ್ಲಿ ಅಲ್ಲಿ ಆರಂಭವಾದ ಕಾರ್ಖಾನೆಯೇ ಕೆಲವು ವರ್ಷಗಳಲ್ಲಿ ಕೈಬದಲಾಗಿ, ಊರಿನ ಮತ್ತು ಪ್ರಾಂತದ ಹೆಸರುಗಳನ್ನು ಬೆಸೆದ ‘ಮೆಡಾಲ್ಟ’ ಎಂಬ ನಾಮಧೇಯದಿಂದ ಪ್ರಖ್ಯಾತವಾಯಿತು. ಎಷ್ಟು ಗ್ಯಾಲನ್ ಹಿಡಿಯುವುದೆಂಬ ಅಂಕಿಯನ್ನು ಹೊಟ್ಟೆಯ ಮೇಲೆ ಹೊತ್ತ ಅದರ ಜಾಡಿಗಳು ಬಯಲುನಾಡಿನ ಒಕ್ಕಲು ಮನೆಗಳನ್ನು ಹೊಕ್ಕವು. ಮುಂದೆ ಅದು ರೈಲ್ವೆ ಕಂಪೆನಿಗಳಿಗೂ ಹೋಟೆಲುಗಳಿಗೂ ತಟ್ಟೆಬಟ್ಟಲುಗಳನ್ನು ಒದಗಿಸಿತು. ಮಣ್ಣನ್ನು ತಂದ ರೈಲೇ ಬಟ್ಟಲಿಗೂ ಗಿರಾಕಿಯಾದ ಈ ಸಂಗತಿಯನ್ನು ಇತಿಹಾಸಕಾರರು ಕಾರ್ಖಾನೆಯ ಮುದ್ರೆಗಳ ವರ್ಗೀಕರಣಕ್ಕೆ ವ್ಯಯಿಸುವ ಶ್ರಮದ ಅರ್ಧದಷ್ಟಾದರೂ ಶ್ರಮದಿಂದ ಪರಾಮರ್ಶಿಸಬೇಕಾಗಿತ್ತೆಂದು ನನ್ನ ಭಾವನೆ.

1935ರ ಸುಮಾರಿಗೆ ನ್ಯೂ ಬ್ರನ್ಸ್‌ವಿಕ್ಕಿನ ಮಾಸ್ ಗ್ಲೆನ್ನಿನಲ್ಲಿ ಡೀಚ್‌ಮನ್ ದಂಪತಿಗಳು ಮನೆಯಲ್ಲಿಯೇ ಆವಿಗೆ ಹೂಡಿದುದು ಬೇರೊಂದು ಪ್ರಕರಣ. ಅವರದು ಕಲೆ, ಕಾರ್ಖಾನೆಯದು ಸರಕು. ಮೆಡಾಲ್ಟ 1954ರಲ್ಲಿ ಬಾಗಿಲು ಮುಚ್ಚಿತು. ಅದರ ಜೇನುಗೂಡಿನಾಕಾರದ ದುಂಡು ಆವಿಗೆಗಳು ಈಗ ವಸ್ತುಸಂಗ್ರಹಾಲಯದ ಭಾಗವಾಗಿ ಅಲ್ಲಿಯೇ ನಿಂತಿವೆ.